ಹೊಡೆತ ಹೋಗುವ ದಾರಿ

ಮೋಟಾರ್‌ಸೈಕಲ್ಲಿನ ಹ್ಯಾಂಡಲಿಗೆ ಒಂದು ಸಣ್ಣ ಹಲಗೆ ಕಟ್ಟಿ, ಅದರ ಮೇಲೆ ಅಂಚಿನವರೆಗೆ ಚಹಾ ತುಂಬಿದ ಲೋಟ ಇಟ್ಟಿದ್ದರು. ಮುಂದಿನ ಚಕ್ರದ ಕೆಳಗೆ ಪರೀಕ್ಷಾಯಂತ್ರದ ದೊಡ್ಡ ಉರುಳೆ ತಿರುಗುತ್ತಿತ್ತು. ಹುಬ್ಬಳ್ಳಿಯ ರಸ್ತೆಗಳ ಗುಂಡಿಗಳ ಅಳತೆ ತೆಗೆದು, ಅವನ್ನೇ ಆ ಉರುಳೆಯ ಮೇಲೆ ಕೊರೆದಿದ್ದರು. ಆದ್ದರಿಂದ ಗುಂಡಿಗಳಿಗೇನೂ ಕೊರತೆ ಇರಲಿಲ್ಲ. ಚಕ್ರ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಲೋಟದೊಳಗಿನ ಚಹಾ ಮಾತ್ರ ತುಳುಕಲಿಲ್ಲ. ದಾದಾಪೀರನ ಗ್ಯಾರೇಜಿನಲ್ಲಿ ನೆರೆದಿದ್ದ ಸವಾರರು ಬಾಯಿ ಬಿಟ್ಟುಕೊಂಡು ನೋಡಿದರು.

ಇದೇ ಆಘಾತವಾಹಿ ಫೋರ್ಕ್. ಕಂಡುಹಿಡಿದವರು ಡಾ. ಉಷಾ ಇನಾಂದಾರ. ಕಂಪನಿಯ ಪರವಾಗಿ ಅದನ್ನು ತೋರಿಸಲು ಅವರೇ ಬಂದಿದ್ದರು.

ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಮುಂದಿನ ಕೊಳವೆಗಳಿಗೆ ಫೋರ್ಕ್ ಎನ್ನುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಅದರೊಳಗೆ ಇದ್ದದ್ದು ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಎಣ್ಣೆ ಕಪ್ಪಾದರೆ ಬದಲಿಸುವುದು, ಸೀಲು ಸೋರಿದರೆ ಹೊಸದು ಕೂಡಿಸುವುದು, ಇಷ್ಟೇ ಅದರ ಆರೈಕೆ. ಉಷಾ ಅವರು ಎಣ್ಣೆಯ ಜಾಗದಲ್ಲಿ ಚುರುಕುದ್ರವ ಎಂಬುದನ್ನು ತುಂಬಿದ್ದರು. ಗುಂಡಿಯ ಹೊಡೆತ ಬಿದ್ದ ಕೂಡಲೇ ಆ ದ್ರವ ಒತ್ತಡವನ್ನು ಹೀರಿಕೊಂಡು, ಸೀಟಿನ ಕೆಳಗೆ ಹಾಯ್ದ ಸಣ್ಣ ನಳಿಕೆಯ ಮೂಲಕ ಹಿಂದಿನ ಚಕ್ರದ ಕಡೆಗೆ ಸಾಗಿಸುತ್ತಿತ್ತು.

“ಹಿಂದಕ್ಕ ಹೋಗಿ ಏನಾಗ್ತೈತ್ರಿ ಅದು?” ಎಂದು ಕೇಳಿದ ವಿರೂಪಾಕ್ಷ ಬಳಿಗಾರ. ಬಟ್ಟೆ ಅಂಗಡಿಯ ಯಜಮಾನ, ಐವತ್ತು ದಾಟಿದವನು, ಸವಾರರ ಕ್ಲಬ್ಬಿನ ಹಿರಿಯ ತಲೆ.

“ಹೊಡೆತ ಎಂದೂ ಮಾಯ ಆಗೂದಿಲ್ಲ ನೋಡ್ರಿ, ಎಲ್ಲೋ ಒಂದು ಕಡೆ ಹೋಗಲಿಕ್ಕೇ ಬೇಕು,” ಎಂದರು ಉಷಾ. “ಹಿಂದ ಸಾಮಾನು ಇದ್ರ ಎಲ್ಲಾ ಅದರ ಮ್ಯಾಲೆ ಹಾಕ್ತದ. ಸಾಮಾನಿಗೇನು ಬೆನ್ನು ನೋಯ್ತದ? ಮನಷ್ಯಾರು ಕೂತಿದ್ರ ಹಿಂದ ಕಳಸೂದಿಲ್ಲ. ಹೊಡೆತಾನ ಬಿಸಿ ಮಾಡಿ ಗಾಳಿಗೆ ಬಿಡ್ತದ. ಆವಾಗ ಹೊಡೆತ ನಿಮ್ಮ ಕೈಗೂ ಒಂಚೂರು ಹತ್ತತದ, ಅಷ್ಟ.”

“ಮನಷ್ಯಾರೋ ಸಾಮಾನೋ ಅಂತ ಅದಕ್ಕ ಹೆಂಗ ತಿಳಿತೈತ್ರಿ?”

“ತಿಳಿತದ. ಅದನ್ನ ಕಲಿಸಲಿಕ್ಕೇ ನಮಗ ಭಾಳ ವರ್ಷ ಹಿಡೀತು.”

ಇಷ್ಟು ಕೇಳಿ ವಿರೂಪಾಕ್ಷನಿಗೆ ಸಮಾಧಾನವಾಯಿತು. ಅವನಿಗೆ ಈ ಫೋರ್ಕ್ ಬೇಕಾಗಿದ್ದುದು ಹೆಂಡತಿ ಕಸ್ತೂರಿಗಾಗಿ. ಈ ಮಾತಿನಲ್ಲಿ ಸುಳ್ಳಿಲ್ಲ. ಮದುವೆಯಾದಾಗಿನಿಂದ ಅವನು ಲಡಾಖ್ ನೋಡಿದ್ದ, ಕಛ್ ನೋಡಿದ್ದ, ಅರುಣಾಚಲದ ತುದಿಯವರೆಗೆ ಹೋಗಿಬಂದಿದ್ದ. ಪ್ರತಿ ಸಲವೂ ಕಸ್ತೂರಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಕೈ ಬೀಸಿದ್ದಳು. ಅವಳಿಗೆ ಒಂದೇ ಒಂದು ಆಸೆ ಇತ್ತು, ಕನ್ಯಾಕುಮಾರಿಯಲ್ಲಿ ಮೂರು ಸಮುದ್ರ ಕೂಡುವುದನ್ನು ಕಾಣುವುದು. ರೈಲಿನಲ್ಲಿ ಕಳಿಸುತ್ತೇನೆ ಎಂದರೆ, “ರೈಲಿನಾಗ ಹೋದ್ರ ನಿಮ್ಮ ಕೂಡ ಹೋದಂಗ ಆಗೂದಿಲ್ರಿ” ಎನ್ನುತ್ತಿದ್ದಳು. ಅಷ್ಟರಲ್ಲಿ ಅವಳ ಬೆನ್ನುಮೂಳೆ ಸವೆದಿತ್ತು. ಇನ್ನೊಂದಿಷ್ಟು ಜರ್ಕ್ ಬಿದ್ದರೆ ಕಾಲುಗಳೇ ಹೋಗುತ್ತವೆ ಎಂದು ಡಾಕ್ಟರು ಮುಖದ ಮೇಲೆಯೇ ಹೇಳಿದ್ದರು.

ದಾದಾಪೀರ್ ಹಳೆಯ ಫೋರ್ಕ್ ಇಳಿಸಿದ. ತಳದ ತಿರುಪು ಬಿಚ್ಚಿ ಕಪ್ಪು ಎಣ್ಣೆಯನ್ನು ಡಬ್ಬಿಗೆ ಸುರಿದ. ಹೊಸ ಕೊಳವೆಗಳನ್ನು ಹಿಡಿಕೆಗೆ ಏರಿಸಿ ಬಿಗಿದ. ವಿರೂಪಾಕ್ಷ ಹೇಳಿದಂತೆ ಎಡಗಡೆಯ ಸಾಮಾನಿನ ಪೆಟ್ಟಿಗೆ ಕಳಚಿ, ಅಲ್ಲಿ ಸೀರೆ ಗಾರ್ಡನ್ನೂ ಕಾಲಿಡಲು ಒಂದು ಪಟ್ಟಿಯನ್ನೂ ಕೂಡಿಸಿದ. ಚಂದ್ರನ ಮೇಲೆ ಕಾಲೊನಿ ಕಟ್ಟಿದ ಕಾಲದಲ್ಲಿಯೂ ನಮ್ಮ ಹೆಣ್ಣುಮಕ್ಕಳು ಬೈಕಿನ ಮೇಲೆ ಎರಡೂ ಕಾಲು ಒಂದೇ ಕಡೆಗೆ ಇಳಿಬಿಟ್ಟು ಕೂರುವುದು ತಪ್ಪಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕಸ್ತೂರಿ ಚೂಡಿದಾರ ಹಾಕಿಕೊಂಡು ಬಂದಳು. ಎರಡೂ ಕಡೆ ಕಾಲು ಹಾಕಿ ಕೂತರೆ ಬೆನ್ನಿಗೆ ಹಗುರ ಎಂದು ಯಾರೋ ಹೇಳಿದ್ದರಂತೆ. ಬೀಳ್ಕೊಡಲು ಬಂದ ಕ್ಲಬ್ಬಿನ ಗೆಳೆಯರು ಗೇಟಿನಲ್ಲೇ ನಿಂತಿದ್ದರು.

“ಇದೇನಿದು? ಹೋಗಿ ಸೀರಿ ಉಟ್ಕೊಂಡು ಬಾ. ಮಂದಿ ನೋಡಾಕತ್ತಾರ,” ಎಂದ ವಿರೂಪಾಕ್ಷ.

ಅವಳು ಒಳಗೆ ಹೋಗಿ ಸೀರೆ ಉಟ್ಟು ಬಂದಳು. ಅವನು ಇನ್ನೊಂದು ಮಾತು ಹೇಳಿದ, ಎಷ್ಟೋ ಸವಾರರು ಹಿಂದೆ ಕೂರುವವರಿಗೆ ಹೇಳುವ ಮಾತು: “ತಿರುವಿನಾಗ ನನ್ನ ಕೂಡ ಬಾಗಬ್ಯಾಡ, ಅಲುಗಾಡಬ್ಯಾಡ. ಗಾಡಿ ಓಲಾಡತೈತಿ.”

ಚಿತ್ರದುರ್ಗ ದಾಟುವ ಹೊತ್ತಿಗೆ ವಿರೂಪಾಕ್ಷ ಹಾಡಲು ಶುರುಮಾಡಿದ್ದ. ಗುಂಡಿ ಬಂದರೆ ಕಣ್ಣಿಗೆ ಕಾಣುತ್ತಿತ್ತೇ ಹೊರತು ಕೈಗೆ ತಿಳಿಯುತ್ತಿರಲಿಲ್ಲ. ಚಹಾಕ್ಕೆ ನಿಂತಾಗಲೆಲ್ಲ, “ಹೆಂಗ ಐತಿ? ಬೆಣ್ಣಿ ಹಂಗ ಹೋಗತೈತಿ, ಹೌದಿಲ್ಲೋ?” ಎಂದು ಕೇಳುತ್ತಿದ್ದ. ಕೇಳುವವನಿಗೆ ಉತ್ತರ ಮೊದಲೇ ಗೊತ್ತಿದ್ದರೆ ಹೇಳುವವರಿಗೆ ಹೇಳಲು ಏನು ಉಳಿಯುತ್ತದೆ?

“ಹೌದ್ರಿ, ಆರಾಮ ಐತಿ,” ಎನ್ನುತ್ತಿದ್ದಳು ಕಸ್ತೂರಿ.

ಆರಾಮ ಇರಲಿಲ್ಲ. ಪ್ರತಿ ಗುಂಡಿಗೂ ಯಾರೋ ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದಂತಾಗುತ್ತಿತ್ತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮಿಸುಕದೆ ಕೂತಿದ್ದಳು. ಬಾಯಿಬಿಟ್ಟರೆ ತಿರುಗಿ ಹೋಗೋಣ ಎನ್ನುತ್ತಾರೆ; ಒಮ್ಮೆ ತಿರುಗಿದರೆ ಈ ಜನ್ಮದಲ್ಲಿ ಇನ್ನೊಮ್ಮೆ ಕರೆದುಕೊಂಡು ಹೋಗುವುದಿಲ್ಲ. ಇದು ಅವಳ ಲೆಕ್ಕಾಚಾರ. ಗಂಡನನ್ನು ಅವಳು ಚೆನ್ನಾಗಿಯೇ ಬಲ್ಲಳು.

ಮದುರೆಯ ಲಾಡ್ಜಿನ ಮುಂದೆ ಗಾಡಿ ನಿಂತಾಗ ಅವಳು ಇಳಿಯಲಿಲ್ಲ. ಕಾಲು ಜೋಮು ಹಿಡಿದಿರಬೇಕೆಂದು ವಿರೂಪಾಕ್ಷ, “ಸ್ವಲ್ಪ ಝಾಡಿಸು” ಎಂದ. ಝಾಡಿಸಲು ಕಾಲು ಅವಳ ಮಾತು ಕೇಳಬೇಕಲ್ಲ! ಅವನು ತೋಳು ಹಿಡಿದು ಎಳೆದ. ಅವಳು ಒದ್ದೆ ಬಟ್ಟೆಯಂತೆ ಅವನ ಮೈಮೇಲೆ ಜಾರಿ ಬಿದ್ದಳು. ಸಮುದ್ರ ಅಲ್ಲಿಂದ ಇನ್ನು ಅರ್ಧ ದಿನದ ದಾರಿ ಇತ್ತು.

ಕೆಲವು ತಿಂಗಳ ನಂತರ, ವಿರೂಪಾಕ್ಷನ ದೂರು ಕೇಳಿ ಡಾ. ಉಷಾ ಮತ್ತೆ ದಾದಾಪೀರನ ಗ್ಯಾರೇಜಿಗೆ ಬಂದರು. ಗಾಡಿಯನ್ನು ಯಂತ್ರಕ್ಕೆ ಏರಿಸಿದರು. ಗಾಲಿಕುರ್ಚಿಯಲ್ಲಿ ಕಸ್ತೂರಿ, ಪಕ್ಕದಲ್ಲಿ ವಿರೂಪಾಕ್ಷ. ಈ ಸಲ ಹಿಂದಿನ ಚಕ್ರದ ಕೆಳಗೂ ಒಂದು ಉರುಳೆ ಇತ್ತು. ವಿರೂಪಾಕ್ಷ ಮುಂದೆ ಕೂತ. ಉಷಾ ಎರಡೂ ಕಡೆ ಕಾಲು ಹಾಕಿ ಹಿಂದೆ ಕೂತರು. ಪರೀಕ್ಷೆಗೆಂದು ಉಷಾ ಹ್ಯಾಂಡಲಿಗೆ ಕಟ್ಟಿದ್ದ ಪುಟ್ಟ ಪರದೆಯ ಮೇಲೆ ‘ಮನುಷ್ಯ’ ಎಂದು ಮೂಡಿತು. ಉರುಳೆಗಳು ತಿರುಗಿದವು. ಅವರಿಗೆ ಏನೂ ಆಗಲಿಲ್ಲ.

“ಏನೂ ದೋಷ ಇಲ್ಲಲ್ರಿ,” ಎಂದರು ಉಷಾ, ತುಸು ಹಗುರಾಗಿ.

“ನಾ ಹಂಗ ಕೂತಿರಲಿಲ್ರಿ, ಬಾಯಾರ,” ಎಂದಳು ಕಸ್ತೂರಿ. “ಎರಡೂ ಕಾಲು ಈ ಕಡೆ.”

ಉಷಾ ಕಾಲೇಜಿನ ದಿನಗಳಿಂದ ಪ್ಯಾಂಟು ತೊಟ್ಟವರು. ಜೀವನದಲ್ಲಿ ಮೊದಲ ಸಲ ಒಂದೇ ಕಡೆ ಕಾಲು ಇಳಿಬಿಟ್ಟು, ಅಲುಗಾಡದೆ ಕೂತರು. ಪರದೆ ಒಂದು ಗಳಿಗೆ ಯೋಚಿಸಿ, ‘ಸರಕು’ ಎಂದಿತು. ಮೊದಲ ಗುಂಡಿಗೇ ಅವರು ಸೀಟಿನಿಂದ ಮೇಲೆ ಹಾರಿ ಬಿದ್ದರು. ಎರಡನೆಯದಕ್ಕೆ ಚೀರಿದರು. ದಾದಾಪೀರ್ ಓಡಿ ಯಂತ್ರ ನಿಲ್ಲಿಸಿದ. ಮುಂದೆ ಕೂತಿದ್ದ ವಿರೂಪಾಕ್ಷನಿಗೆ ಯಾಕೆ ನಿಲ್ಲಿಸಿದರೆಂದೇ ತಿಳಿಯಲಿಲ್ಲ.

ಉಷಾ ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಅವರು ಸುಳ್ಳು ಹೇಳುವವರಲ್ಲ. ಹೇಳಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತೇನೋ. “ಈ ಫೋರ್ಕ್ ಎರಡೂ ಪಾದದ ಒತ್ತಡ ನೋಡತದ. ತಿರುವಿನಾಗ ಸವಾರನ ಕೂಡ ಬಾಗ್ತಾರೇನು ನೋಡತದ. ನೋವಾದ್ರ ಮನಷ್ಯಾರು ಮಿಸುಕತಾರಲ್ರಿ, ಅದನ್ನೂ ನೋಡತದ. ಒಂದು ಬದಿಗೆ ಭಾರ, ಅಲುಗಾಟ ಇಲ್ಲ ಅಂದ್ರ ಅದರ ಲೆಕ್ಕದಾಗ ಸಾಮಾನು. ಹಿಂಗ ಕೂತವರನ್ನ ನಾವು ಪರೀಕ್ಷಾಕ್ಕ ಕೂಡ್ರಸಲೇ ಇಲ್ಲ. ನನಗ ಹೊಳೀಲೇ ಇಲ್ಲ.”

“ಹಂಗಾದ್ರ ನಾ ಒಮ್ಮೆ ಹೊರಳಾಡಿದ್ರ ಅದಕ್ಕ ತಿಳೀತಿತ್ತೇನ್ರಿ?” ಕಸ್ತೂರಿ ಕೇಳಿದಳು.

“ತಿಳೀತಿತ್ತು.”

ಕಸ್ತೂರಿ ಗಂಡನ ಕಡೆ ನೋಡಿದಳು. ಅವನು ಗಾಡಿಯಿಂದ ಇಳಿದು ಹೊರಗೆ ಹೋಗಿ ನಿಂತ. ಅಲ್ಲಿ ಅವನು ಅತ್ತ. ಅಳುವುದಕ್ಕೂ ಅವನು ಒಬ್ಬನೇ ಹೋದದ್ದು ಅವಳಿಗೆ ಹೊಸದೇನೂ ಅನ್ನಿಸಲಿಲ್ಲ.

ಉಷಾ ಊಟ ನಿದ್ದೆ ಬಿಟ್ಟು ದುಡಿದು ಫೋರ್ಕನ್ನು ತಿದ್ದಿದರು. ಒಂದೇ ಕಡೆ ಕೂತವರಾದರೂ ಸರಿ, ಪಟ್ಟಿಯ ಮೇಲೆ ಪಾದ ಒಂದಿಷ್ಟು ಒತ್ತಿದರೆ ಸಾಕು, ಇನ್ನು ಮುಂದೆ ಮನುಷ್ಯರೇ. ಕಂಪನಿ ಎಲ್ಲ ಗಾಡಿಗಳನ್ನೂ ಕರೆಸಿ ಈ ಹೊಸ ತಿದ್ದುಪಡಿ ಹಾಕಿಸಿತು. ಆಮೇಲೆ ನಡೆದದ್ದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಸವಾರರು ಒಬ್ಬೊಬ್ಬರಾಗಿ ಗ್ಯಾರೇಜುಗಳಿಗೆ ಹಿಂದಿರುಗತೊಡಗಿದರು. “ಮೊದಲಿನಂಗ ಬೆಣ್ಣಿ ಇಲ್ಲೋ ಮಾರಾಯಾ, ಕೈಗೆ ಹತ್ತಾಕತ್ತೈತಿ. ಈ ತಿದ್ದುಪಡಿ ತಗದು ಹಳೇದನ್ನ ಹಾಕಿಬಿಡು,” ಎಂದು ದಾದಾಪೀರನ ಕಿವಿಯಲ್ಲಿ ಹೇಳಿದರು. ಬರುವಾಗ ಎಲ್ಲರೂ ಒಬ್ಬೊಬ್ಬರೇ ಬರುತ್ತಿದ್ದರು, ಹೆಂಡತಿಯರನ್ನು ಕರೆತರುತ್ತಿರಲಿಲ್ಲ. ದಾದಾಪೀರ್ ಕೆಲವರನ್ನು ಬೈದು ಕಳಿಸಿದ, ಕೆಲವರಿಗೆ ಹಾಕಿಕೊಟ್ಟ.

ವಿರೂಪಾಕ್ಷ ಹಾಗೆ ಕೇಳಲಿಲ್ಲ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಅವನ ಗಾಡಿಗೆ ಉಷಾ ಅವರೇ ತಿದ್ದುಪಡಿ ಹಾಕಿದರು. ಕಸ್ತೂರಿಯೂ ಬಂದಿದ್ದಳು. ತನ್ನನ್ನು ಹಿಂದೆ ಕೂಡಿಸಿ ನೋಡಬೇಕೆಂದು ಹಟ ಹಿಡಿದಳು. ದಾದಾಪೀರ್ ಹಿಂದೆ ಒರಗುಪಟ್ಟಿ ಕೂಡಿಸಿದ. ಗಂಡ ಎತ್ತಿ ಕೂಡಿಸಿದ. ಸೊಂಟಕ್ಕೂ ಎದೆಗೂ ಬೆಲ್ಟು ಬಿಗಿದರು. ಅವಳ ಎರಡೂ ಪಾದಗಳನ್ನು ಉಷಾ ತಮ್ಮ ಕೈಯಿಂದಲೇ ಪಟ್ಟಿಯ ಮೇಲೆ ಜೋಡಿಸಿಟ್ಟರು. ಎಲ್ಲರೂ ಪರದೆಯನ್ನು ನೋಡಿದರು.

‘ಸರಕು.’

ಉಷಾ ಪಾದಗಳನ್ನು ಇನ್ನೊಮ್ಮೆ ಸರಿಪಡಿಸಿದರು. ಮತ್ತೆ ಅದೇ ಬಂತು. “ಕಾಲಿನ ಒತ್ತಡ ಸಿಗವಲ್ದು,” ಎಂದರು, ಯಾರ ಮುಖವನ್ನೂ ನೋಡದೆ. “ಇದಕ್ಕ ಬ್ಯಾರೇನಾರ ಮಾಡಬೇಕು. ಒಂದು ವರ್ಷ ಹಿಡೀತದ.”

“ಒಂದ ವರ್ಷ ಯಾಕ್ರಿ?” ಎಂದಳು ಕಸ್ತೂರಿ. “ಸರಕು ಅಂತನ ಇರ್ಲಿ ಬಿಡ್ರಿ. ನೋಯೋ ಜಾಗ ಸತ್ತು ಹೋಗೈತಿ, ಇನ್ನ ನೋಯೂದಿಲ್ಲ. ನಡೀರಿ, ಮೂರು ಸಮುದ್ರ ನೋಡ್ಕೊಂಡು ಬರೂಣು.”

ವಿರೂಪಾಕ್ಷ ಎರಡು ಹೆಜ್ಜೆ ಹಿಂದೆ ಸರಿದ. “ಬ್ಯಾಡ, ಕಸ್ತೂರಿ. ನಿನ್ನ ಹಿಂಗ ಕಟ್ಕೊಂಡು ನಾ ಗಾಡಿ ಹೊಡ್ಯಾಂಗಿಲ್ಲ. ನನ್ನ ಕೈಲೆ ಆಗೂದಿಲ್ಲ.”

“ನಿಮಗೇನಾಗ್ತೈತ್ರಿ?” ಎಂದಳು ಅವಳು, ನಿಜವಾಗಿಯೂ ತಿಳಿಯದವಳಂತೆ. “ನಿಮ್ಮ ಕೈಗೆ ಏನೂ ಹತ್ತೂದಿಲ್ಲಲ್ಲ.”

ಅವಳನ್ನು ಇಳಿಸಲು ದಾದಾಪೀರ್ ಮುಂದೆ ಬಂದ. ಅವಳು ಬೆಲ್ಟಿನ ಮೇಲೆ ಕೈ ಇಟ್ಟುಕೊಂಡು ಬಿಚ್ಚಲು ಬಿಡಲಿಲ್ಲ.