ದರೋಡೆಕೋರನ ಕಾಲ್ಮರಿ

ಕರ್... ಕರ್... ಕರ್...

ಕಬ್ಬೂರಿನ ಹೊಲದಲ್ಲಿ ಶೂಟಿಂಗ್‌ಗೆ ಸೇರಿದ್ದವರೆಲ್ಲ ತಿರುಗಿ ನೋಡಿದರು. ಅಥಣಿಯ ಅಮಿತ ತಾನೇ ಹೊಲಿದ ಕಾಲ್ಮರಿ ಮೆಟ್ಟಿಕೊಂಡು ಬದುವಿನ ಮೇಲೆ ನಡೆದು ಬರುತ್ತಿದ್ದ. ಹೆಜ್ಜೆ ಹೆಜ್ಜೆಗೂ ಚರ್ಮ ಸದ್ದು ಮಾಡುತ್ತಿತ್ತು.

ದರೋಡೆಕೋರನ ಸಿನಿಮಾಕ್ಕೆ ಉಡುಪು ಸಿದ್ಧಪಡಿಸುತ್ತಿದ್ದ ನಿಪ್ಪಾಣಿಯ ಸಾರಿಕಾ ಉಸಿರಾಡುವುದನ್ನೇ ಮರೆತಳು. ಕಾಲ್ಮರಿ ನೋಡಿಯೋ, ಹುಡುಗನನ್ನು ನೋಡಿಯೋ... ಅವಳಿಗೇ ಗೊತ್ತಾಗಲಿಲ್ಲ.

"ಹೀರೋಗ ಮಾಡೇನ್ರಿ," ಅಮಿತ ಹೇಳಿದ. "ಹದಿನೈದು ದಿನದ ಕೆಲಸ."

"ಭಾಳ ಚಂದ ಅದಾವ್ರಿ. ಆದ್ರ... ಸಪ್ಪಳ ಬ್ಯಾಡ್ರಿ. ತಗೀರಿ."

ಅಮಿತನ ಮುಖ ಸಣ್ಣದಾಯಿತು. ಅವನ ಓಣಿಯಲ್ಲಿ ಆ ಸದ್ದೆಂದರೆ ಮೆಟ್ಟಿದವನ ಮರ್ಯಾದೆ, ಹೊಲಿದವನ ಹೆಸರು.

"ಮೂಕ ಕಾಲ್ಮರಿ ನಮ್ಮ ಮನ್ಯಾಗ ಯಾರೂ ಮಾಡಿಲ್ರಿ. ಬ್ಯಾರೆದವ್ರನ್ನ ನೋಡ್ಕೋರಿ."

ಕಾಲ್ಮರಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಟುಹೋದ.

ಪೊಲೀಸರಿಗೆ ಹೆದರಿ ಕಬ್ಬಿನೊಳಗೆ ಅಡಗುವವನು ಸದ್ದು ಮಾಡುತ್ತ ಓಡಾಡಿದರೆ ಉಳಿಯುತ್ತಾನೆಯೇ? ಅಷ್ಟನ್ನಾದರೂ ಹೇಳಬಾರದಿತ್ತೇ ಎಂದು ಸಾರಿಕಾ ತನ್ನನ್ನೇ ಬೈದುಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಒಂದು ವಾರ ಅವನು ಫೋನ್ ಎತ್ತಲಿಲ್ಲ. ಹೀರೋ ಬರಿಗಾಲಲ್ಲೇ ಓಡಿದ. ಇನ್ನೊಂದೇ ದಿನದ ಶೂಟಿಂಗ್ ಉಳಿದಿತ್ತು. ಅದು ಮುಗಿದರೆ ಅಮಿತನನ್ನು ಮತ್ತೆ ನೋಡಲು ನೆಪವೇ ಇಲ್ಲ! ಅವಳು ಬಸ್ಸು ಹತ್ತಿ ಅಥಣಿಗೇ ಹೋದಳು.

"ನಾಳೆ ಒಂದ್ಸಲ ಬಂದು ನೋಡ್ರಿ. ಆಮ್ಯಾಲ ಬೈರಿ."

ಅವನು ಬಂದ.

ಕೊನೆಯ ದೃಶ್ಯ. ಹಾಡಹಗಲು. ದರೋಡೆಕೋರ ಶರಣಾಗುವ ಮೊದಲು ತಾಯಿಯ ಮನೆಗೆ ನಡೆದು ಬರುತ್ತಾನೆ. ತಲೆಗೆ ಪಟಕಾ, ಹೆಗಲಿಗೆ ಕಂಬಳಿ, ಕಾಲಲ್ಲಿ ಅಮಿತನ ಕಾಲ್ಮರಿ. ಕರ್... ಕರ್...

ಶೂಟಿಂಗ್ ನೋಡಲು ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಕಸ್ತೂರೆವ್ವ, ಇದು ಸಿನಿಮಾ ಎಂಬುದನ್ನೇ ಮರೆತು, ಸೆರಗು ಹೊದ್ದು ಎದ್ದು ನಿಂತಳು. ಅಮಿತನ ಮೈ ಜುಮ್ಮೆಂದಿತು.

"ಅಡಗಿದ್ದಾಗ ಅಂವಗ ಸಪ್ಪಳ ಇರಬಾರ್ದಾಗಿತ್ರಿ," ಸಾರಿಕಾ ಪಿಸುಗುಟ್ಟಿದಳು. "ಇವತ್ತ ಯಾರಿಗೂ ಅಂಜದ ಬರಾಕತ್ತಾನ. ಅದಕ್ಕ ನಿಮ್ಮ ಕಾಲ್ಮರಿನ ಬೇಕಾತು."

ಅಮಿತನ ಕಣ್ಣು ತುಂಬಿದವು.

"ಹುಟ್ಟಿದಾಗಿಂದ ಕೇಳೇನ್ರಿ ಈ ಸಪ್ಪಳ. ಇದಕ್ಕ ಇಷ್ಟ ಅರ್ಥ ಐತಿ ಅಂತ ಇವತ್ತ ತಿಳೀತು." ಅವಳತ್ತ ತಿರುಗಿ ಹೇಳಿದ, "ವಾರ ಪೂರ್ತಿ ನಿಮ್ಮ ಫೋನ್ ನೋಡ್ಕೋತನ ಕುಂತಿದ್ನಿ. ಎತ್ತಾಕ ಸೊಕ್ಕು ಬಿಡ್ಲಿಲ್ಲ."

"ಈಗ ಹೋತೇನ್ರಿ ಸೊಕ್ಕು?"

"ಹೋತ್ರಿ. ನಾಳೆ ನಿಪ್ಪಾಣಿಗೆ ಬರ್ಲೇನು?"

"ಕೆಲಸ ಐತೇನ್ರಿ?"

"ಇಲ್ರಿ. ಅವ್ವನ್ನ ಕರ್ಕೊಂಡು... ನಿಮ್ಮ ಮನೀಗೆ."

ಸಾರಿಕಾ ನೆಲ ನೋಡಿದಳು.

"ಮುಂಜಾನೆನ ಬರ್ರಿ. ಮಧ್ಯಾಹ್ನ ಆದ್ರ ನಮ್ಮಪ್ಪ ಮನ್ಯಾಗ ಸಿಗೂದಿಲ್ಲ."