ತೋಳಿನ ಮೇಲೆ ಮೂರು ಬೆರಳು

ಕಾನೂನಿನಲ್ಲಿ ಮಗುವಿನ ಹಕ್ಕು ಮೊದಲು ಅಪ್ಪನಿಗೆ, ಆಮೇಲೆ ಅಜ್ಜನಿಗೆ ಎಂದು ವಕೀಲ ತಿಪ್ಪೇಶ್ ಹೇಳಿದ ದಿನದಿಂದ ಉಬ್ರಾಣಿಯ ಮಹೇಶ್ವರಪ್ಪನವರಿಗೆ ಅನ್ನ ರುಚಿಸಿರಲಿಲ್ಲ. ಮಗಳು ಪೂಜಾ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ತಮ್ಮ ಮುಖದಲ್ಲಿ ಮಗಳ ಮುಖವೇ ಕಾಣುತ್ತದೆಂದು ಅಂದಿನಿಂದ ಅವರು ಕನ್ನಡಿಯ ಮುಂದೆ ನಿಂತವರಲ್ಲ. ಉಳಿದವಳು ಐದು ವರ್ಷದ ಮೊಮ್ಮಗಳು ಆಶಾ. ಅವಳೂ ತನಗೇ ಬೇಕೆಂದು ಬಿಳಿಚೋಡಿನ ಅಳಿಯ ಸತೀಶ್ ಕುಮಾರ್ ಕೋರ್ಟಿಗೆ ಹೋಗಿದ್ದ. ತೀರ್ಪು ಬರುವವರೆಗೆ ಪ್ರತಿ ಭಾನುವಾರ ಹತ್ತರಿಂದ ಐದರ ತನಕ ಮಗು ಅಪ್ಪನ ಜೊತೆ ಇರಬೇಕೆಂದು ಆದೇಶವಾಗಿತ್ತು. ಬರುವ ಸೋಮವಾರ ಕೊನೆಯ ವಿಚಾರಣೆ.

"ಅಪ್ಪ ಸರಿಯಿಲ್ಲ ಅಂತ ತೋರಿಸದೆ ಏನೂ ಮಾಡಾಕೆ ಆಗಲ್ಲ ಯಜಮಾನ್ರೆ," ಎಂದಿದ್ದ ತಿಪ್ಪೇಶ್. "ಕುಡಿಯಲ್ಲ, ಕೈಯಾಗೆ ಕೆಲಸ ಐತೆ, ಇನ್ನೊಂದು ಮದುವೆನೂ ಆಗಿಲ್ಲ. ನಾನು ಏನಂತ ವಾದ ಮಾಡ್ಲಿ?"

ಮಹೇಶ್ವರಪ್ಪನವರಿಗೆ ಆಗ ಕರಿಗೇರು ಕಾಯಿ ನೆನಪಾಗಿತ್ತು. ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ ಅದು. ಚಿಕ್ಕಂದಿನಲ್ಲಿ ಅವ್ವ ಅವರ ಒಡೆದ ಹಿಮ್ಮಡಿಗೆ ಅದರ ರಸ ಹಚ್ಚಿದ್ದಳು. ದಪ್ಪ ಚರ್ಮದ ಹಿಮ್ಮಡಿಗೆ ಏನೂ ಆಗಲಿಲ್ಲ. ತಿಳಿಯದೆ ರಸ ಸೋಕಿದ್ದ ಮೊಣಕಾಲು ಮಾತ್ರ ಮರುದಿನ ಕಪ್ಪಗೆ ಬೊಬ್ಬೆ ಎದ್ದಿತ್ತು. ಮರುದಿನ ಎಂಬುದೇ ಇಡೀ ಉಪಾಯದ ಜೀವ. ಭಾನುವಾರ ಬೆಳಿಗ್ಗೆ ಹಚ್ಚಿದರೆ ಸೋಮವಾರ ಕಾಣುತ್ತದೆ. ನಡುವೆ ಮಗುವನ್ನು ಕರೆದೊಯ್ಯುವವನು ಸತೀಶ.

ಭಾನುವಾರ ನಸುಕಿಗೇ ಸ್ನಾನ ಮುಗಿಸಿದರು. ಆಶಾ ಮಲಗಿದ್ದಳು. ಕಾಯಿ ಜಜ್ಜಿ, ರಸವನ್ನು ಬಲಗೈಯ ಮೂರು ಬೆರಳಿಗೆ ಹಚ್ಚಿಕೊಂಡು, ಯಾರೋ ಗಟ್ಟಿಯಾಗಿ ಹಿಡಿದ ಹಾಗೆ ಅವಳ ತೋಳಿಗೆ ಒತ್ತಿದರು. ಕಡ್ಡಿಯಲ್ಲಿ ಹಚ್ಚಬಹುದಿತ್ತು, ಬೆರಳಿನ ಗುರುತು ಬೆರಳಿನಿಂದಲೇ ಬರಬೇಕು. ಮಗು ಹೊರಳಿ ಮಲಗಿತು. ಎರಡು ದಿನದ ಉರಿ, ಆಮೇಲೆ ಜನ್ಮವೆಲ್ಲ ನನ್ನ ಮಡಿಲು ಎಂದುಕೊಂಡರು. ಕಾಯಿಯನ್ನು ಒಲೆಗೆ ಹಾಕಿ, ಸೋಪಿನಲ್ಲಿ ಕೈ ತೊಳೆದು, ಹಣೆ ತುಂಬ ವಿಭೂತಿ ಧರಿಸಿ ಲಿಂಗಪೂಜೆಗೆ ಕುಳಿತರು. ಶಿವನೂ ಒಪ್ಪಿದಂತೆ ಮನಸ್ಸು ನಿಶ್ಚಲವಾಗಿತ್ತು.

ಹತ್ತಕ್ಕೆ ಸರಿಯಾಗಿ ಸತೀಶ ಬೈಕಿನಲ್ಲಿ ಬಂದ.

"ಆರಾಮಿದೀರಾ ಮಾವ?"

"ನೀನು ಕೋರ್ಟಿಗೆ ಎಳೆದ ಮೇಲೆ ಏನಪ್ಪಾ, ಬಾಳ ಆರಾಮು. ಐದು ಗಂಟೆ ಅಂದ್ರೆ ಐದು ಗಂಟೆ, ಗೊತ್ತಾತಾ?"

ಅವನು ತಲೆ ತಗ್ಗಿಸಿ ಮಗಳನ್ನು ಎತ್ತಿಕೊಂಡ. ಐದಕ್ಕೆ ಹತ್ತು ನಿಮಿಷವಿರುವಾಗಲೇ ಮರಳಿ ತಂದು ಬಿಟ್ಟ.

ಸೋಮವಾರ ಬೆಳಿಗ್ಗೆ ಮಗುವಿಗೆ ನೀರು ಹಾಕುತ್ತಿದ್ದ ಅಜ್ಜಿ ನಿರ್ಮಲಮ್ಮ ಚೀರಿದರು. "ಅಯ್ಯೋ ಶಿವನೇ! ನೋಡ್ರೀ ಇಲ್ಲಿ, ಆ ಪಾಪಿ ಹೆಂಗೆ ಹಿಡಿದಾನೆ ಕೂಸನ್ನ!" ಹೆಂಡತಿಯ ಅಳು ನಿಜವಾದದ್ದು, ಅದಕ್ಕೇ ಅವಳಿಗೆ ಏನೂ ಹೇಳಿರಲಿಲ್ಲ. ಮಹೇಶ್ವರಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ತೋಟದಲ್ಲಿ ದುಡಿದು ಜಡ್ಡುಗಟ್ಟಿದ ಬೆರಳು, ಒಂದು ಕಲೆಯಿಲ್ಲ. ಎದ್ದಾಗಿನಿಂದ ಹಣೆ ನವೆಯಾಗುತ್ತಿತ್ತು. ಬಿಸಿಲಿನ ಬೆವರುಸಾಲೆ ಎಂದುಕೊಂಡು, ಆ ದಿನದ ವಿಭೂತಿಯನ್ನು ಅದರ ಮೇಲೆ ದಪ್ಪಗೆ ಬಳಿದುಕೊಂಡಿದ್ದರು.

ಕೋರ್ಟಿನಲ್ಲಿ ತಿಪ್ಪೇಶ್ ಮಗುವಿನ ತೋಳು ಎತ್ತಿ ತೋರಿಸಿದ. ಸತೀಶ ಬಿಳಿಚಿಕೊಂಡ. "ನಾನು ಹೊಡೆದಿಲ್ಲ ಸ್ವಾಮಿ, ಸಿಟ್ಟಿನಾಗೂ ಮುಟ್ಟಿಲ್ಲ," ಎಂದು ಅದನ್ನೇ ಹೇಳುತ್ತ ನಿಂತ. ನ್ಯಾಯಾಧೀಶರು ಅವನನ್ನು ನೋಡಿದ ನೋಟದಲ್ಲೇ ಮಹೇಶ್ವರಪ್ಪನವರಿಗೆ ತೀರ್ಪು ಸಿಕ್ಕಿತ್ತು.

ಸೆಕೆ ತಡೆಯಲಾಗದೆ ಅವರು ಹೆಗಲ ಟವೆಲಿನಿಂದ ಹಣೆಯ ಬೆವರು ಒರೆಸಿಕೊಂಡರು. ವಿಭೂತಿಯೆಲ್ಲ ಟವೆಲಿಗೆ ಬಂತು. "ಅಜ್ಜಾ," ಎಂದಳು ಆಶಾ, ಇಡೀ ಕೋರ್ಟಿಗೆ ಕೇಳುವಂತೆ, "ನಿನ್ ಹಣೆಗೂ ನನ್ನಂಗೇ ಆಗೈತಲ್ಲ!" ನ್ಯಾಯಾಧೀಶರ ಕಣ್ಣು ತೋಳಿನಿಂದ ಹಣೆಗೆ, ಹಣೆಯಿಂದ ತೋಳಿಗೆ ಓಡಾಡಿತು. ಮಹೇಶ್ವರಪ್ಪ ಕೈಯೆತ್ತಿ ಮುಟ್ಟಿಕೊಂಡರು. ಭಾನುವಾರ ಪೂಜೆಗೆ ಕೂರುವ ಮುನ್ನ ವಿಭೂತಿ ಎಳೆದ ಜಾಗದಲ್ಲೇ ಮೂರು ಸಾಲು ಬೊಬ್ಬೆ ಎದ್ದಿತ್ತು. ಅವರ ಮೂರು ಬೆರಳು ಆ ಮೂರು ಸಾಲಿನ ಮೇಲೆ ಸರಿಯಾಗಿ ಕುಳಿತವು.