ಹುಣಸೆಮರದ ಚಿಕಿತ್ಸೆ

ಸೈಟಿನ ಶೆಡ್ಡಿನ ತಗಡಿನ ಬಾಗಿಲ ಮೇಲೆ ಕೋಲಿನಿಂದ ಬಡಿದ ಸದ್ದಾಯಿತು. ಕತ್ತಲಿಳಿದಿತ್ತು, ಕೆಲಸದವರೆಲ್ಲ ಮನೆಗೆ ಹೋಗಿದ್ದರು. ಅವನು ಎದ್ದು ಚಿಲಕ ತೆಗೆದ. ಹೊರಗೆ ನಿಂತಿದ್ದ ಮುದುಕಿ ಬಸಮ್ಮ ಒಳಗೆ ಬಂದು, ಮೇಜಿನ ಮೇಲೆ ಹರಡಿದ್ದ ಅವನ ನಕ್ಷೆಯ ನಟ್ಟನಡುವೆ ಕೆಂಪು ಪಟ್ಟಿಯೊಂದನ್ನು ಇಟ್ಟು, ಬಂದ ಹಾಗೆಯೇ ಹೊರಟುಹೋದಳು.

ಪಟ್ಟಿ ಅವನದೇ. ಕಡಿಯಬೇಕಾದ ಮರಕ್ಕೆ ಗುರುತಾಗಿ ಆ ಬೆಳಿಗ್ಗೆ ಅವನೇ ಕಟ್ಟಿಸಿದ್ದು.

ಚಿತ್ರದುರ್ಗದಿಂದ ಮದಕರಿಪುರದ ಕಡೆ ಹೋಗುವ ರಸ್ತೆಯಲ್ಲಿ ಶೇಂಗಾ ವ್ಯಾಪಾರಿ ಏಕಾಂತಪ್ಪ ಹೊಸ ಮನೆ ಕಟ್ಟಿಸಿದ್ದ. ಮನೆಯ ಹೊರಗಿನದೆಲ್ಲ, ಎಂದರೆ ಕಾಂಪೌಂಡು, ಕಲ್ಲುಹಾಸು, ಹುಲ್ಲುಹಾಸು, ಕಾರಂಜಿ, ದೀಪದ ಕಂಬಗಳು, ಈ ಪಟ್ಟಿ ಕಟ್ಟಿಸಿದವನ ಉಸ್ತುವಾರಿಯಲ್ಲಿತ್ತು. ಉದ್ಯಾನ ನಿರ್ಮಿಸುವ ಕಂಪನಿಯೊಂದರ ಮ್ಯಾನೇಜರ್ ಅವನು. ಗೇಟಿನಿಂದ ಬಾಗಿಲವರೆಗೆ ನೇರವಾದ ಕಲ್ಲುಹಾದಿ, ಎರಡೂ ಬದಿಗೆ ಸಮನಾದ ತಾಳೆಸಾಲು, ನಡುವೆ ಕಾರಂಜಿ. ನಕ್ಷೆ ನಿರ್ದೋಷವಾಗಿತ್ತು. ಕಾರಂಜಿ ಬರಬೇಕಾದ ಜಾಗದಲ್ಲಿ ಒಂದು ಹುಣಸೆಮರ ನಿಂತಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಪಂಚಾಯಿತಿ ಅದೇ ಮರದ ಕೆಳಗೆ ಕೂಡಿತು. ಅವನು ನಕ್ಷೆ ಬಿಡಿಸಿ, ಸಮಮಿತಿ ಎಂದರೇನೆಂದು ಏಕಾಂತಪ್ಪನ ತಾಯಿ ಬಸಮ್ಮನಿಗೆ ಸಹನೆಯಿಂದ ವಿವರಿಸಿದ. ಮುದುಕಿ ಕೊನೆಯವರೆಗೂ ಕೇಳಿದಳು.

"ನೀನು ಎಳ್ದಿರೋದು ಗೆರೆ ತಾನೇನಪ್ಪ? ಗೆರೆ ಬಗ್ಗಿಸು. ನಾನು ಸೊಸಿಯಾಗಿ ಬಂದಾಗ್ಲೇ ಈ ಮರ ಇಷ್ಟೆತ್ರ ಇತ್ತು. ಅದ್ಕೆ ಬಗ್ಗಾಕೆ ಬರಲ್ಲ."

ಕೆಲಸದ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಅವರ ಮುಂದಾಳು ದುರುಗಕ್ಕ ಸೆರಗನ್ನೂ ಅಡ್ಡ ಹಿಡಿಯಲಿಲ್ಲ. ಕಲ್ಲು ಹಾಸುವ ಮೇಸ್ತ್ರಿ ಹಜರತ್ ಅಲಿ ನಗು ನುಂಗಿ ಕೆಮ್ಮಿದ. ಏಕಾಂತಪ್ಪ ತಲೆ ಕೆರೆದುಕೊಂಡು, "ಅವ್ವ ಇರೋ ತಂಕ ಕಡ್ಯಂಗಿಲ್ರಿ. ತಾನಾಗೇ ಒಣಗಿದ್ರೆ ಆ ಮಾತು ಬ್ಯಾರೆ," ಎಂದ.

ಆ ಕೊನೆಯ ಮಾತನ್ನು ಅವನು ಮನೆಗೆ ಒಯ್ದ.

ಈ ಸೀಮೆಯ ಜನರಿಗೆ ಉದ್ಯಾನ ಮಾಡಿಕೊಡುವುದೆಂದರೆ ಕುರಿಗೆ ಕನ್ನಡಿ ಹಿಡಿದಂತೆ ಎಂದು ಅವನ ನಂಬಿಕೆ. ಹಿರಿಯೂರಿನಲ್ಲಿ ಅವನು ಬೆಳೆಸಿದ ಹುಲ್ಲುಹಾಸಿನ ಮೇಲೆ ಮನೆಯವರು ಹಪ್ಪಳ ಒಣಗಿಸಿದ್ದರು. ಹೊಸದುರ್ಗದಲ್ಲಿ ಕಾರಂಜಿಯ ತೊಟ್ಟಿಗೆ ಎಮ್ಮೆ ತಂದು ನೀರು ಕುಡಿಸಿದ್ದರು. ಫೋಟೊ ತೆಗೆಯಲು ಬಂದವನು ಎಮ್ಮೆಯ ಫೋಟೊ ತೆಗೆದುಕೊಂಡು ಹೋಗಿದ್ದ. ಇದೊಂದು ತೋಟ ನಕ್ಷೆಯಂತೆಯೇ ಮುಗಿದರೆ ಅವನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವುದಾಗಿ ಕಂಪನಿಯ ಮಾಲೀಕ ಶಿವಕುಮಾರಪ್ಪ ಮಾತು ಕೊಟ್ಟಿದ್ದ. ಗೃಹಪ್ರವೇಶಕ್ಕೆ ಮಠದ ಸ್ವಾಮಿಗಳು ಬರುವವರಿದ್ದರು. ಜಿಲ್ಲೆಯ ದೊಡ್ಡವರೆಲ್ಲ ಆ ಕಲ್ಲುಹಾದಿಯ ಮೇಲೆ ನಡೆಯುವವರಿದ್ದರು. ಅವರೆಲ್ಲ ಒಂದು ಹುಣಸೆಮರವನ್ನು ಸುತ್ತಿ ಬಳಸಿ, ದನ ಗೂಟ ಸುತ್ತುವಂತೆ, ಬಾಗಿಲು ಸೇರಬೇಕೆ?

ಮರ ತಾನಾಗಿಯೇ ಒಣಗಬೇಕು.

ಅವನು ಅವಸರಪಡಲಿಲ್ಲ. ಕದ್ದು ಕಡಿದರೆ ಬುಡ ಹೇಳುತ್ತದೆ. ಬೆಂಕಿ ಇಟ್ಟರೆ ಬೂದಿ ಹೇಳುತ್ತದೆ. ಕತ್ತಲಲ್ಲಿ ಮಾಡಿದ ಕೆಲಸಕ್ಕೆ ಬೀದಿನಾಯಿಯಾದರೂ ಸಾಕ್ಷಿ ಇರುತ್ತದೆ. ದಡ್ಡರು ಮರೆಯಲ್ಲಿ ಮಾಡಿ ಸಿಕ್ಕಿಬೀಳುತ್ತಾರೆ. ಇದನ್ನು ಹಾಡಹಗಲೇ, ಎಲ್ಲರ ಕಣ್ಣೆದುರೇ, ಸಾಧ್ಯವಾದರೆ ಅವರ ಕೈಯಿಂದಲೇ ಮಾಡಿಸಬೇಕು. ಕೊಲೆಯನ್ನು ಚಿಕಿತ್ಸೆಯೆಂದು ಕರೆದರೆ ಯಾರೂ ಅಡ್ಡ ಬರುವುದಿಲ್ಲ, ದೀಪ ಹಿಡಿದು ನಿಲ್ಲುತ್ತಾರೆ.

ಮೊದಲು ರೋಗ ಬೇಕಿತ್ತು. ಕಾಂಪೌಂಡಿನ ಮೂಲೆಯಿಂದ ಗೆದ್ದಲು ಹತ್ತಿದ ಹಳೆಯ ಹಲಗೆಯೊಂದನ್ನು ತಂದು ಮರದ ಬುಡಕ್ಕೆ ಒರಗಿಸಿಟ್ಟ. ಕೆಲವೇ ದಿನಗಳಲ್ಲಿ ತೊಗಟೆಯ ಮೇಲೆ ಮಣ್ಣಿನ ಗೆರೆಗಳು ಎದ್ದವು. ಆಮೇಲೆ ಮದ್ದು. ಬೇರೊಂದು ಸೈಟಿನಲ್ಲಿ ಉಳಿದಿದ್ದ ಕಳೆನಾಶಕದ ಡಬ್ಬಿ ಅವನ ಬಳಿ ಇತ್ತು. ಹೊಟ್ಟೆಗೆ ಹೋದರೆ ಇದಕ್ಕೆ ಪ್ರತಿಮದ್ದಿಲ್ಲ, ಕೂಡಲೇ ಆಸ್ಪತ್ರೆ ಸೇರಿದವರಿಗಷ್ಟೇ ಆಸೆ ಎಂದು ಮಾರಿದವನು ಎಚ್ಚರಿಸಿ ಕೊಟ್ಟಿದ್ದ. ಅದನ್ನು ಬೇವಿನ ಹಿಂಡಿ ನೆನೆಸಿದ ನೀರಿಗೆ ಬೆರೆಸಿದ. ಬಣ್ಣವೂ ಬೇವಿನದು, ನಾತವೂ ಬೇವಿನದು. ಬೇಸಿಗೆಯ ಮೊದಲು, ಮರ ಬುಡದಿಂದ ತುದಿಗೆ ರಸ ಎಳೆಯುವ ಕಾಲ. ಬೇರಿಗೆ ಕೊಟ್ಟದ್ದನ್ನು ಮರವೇ ಮೇಲಕ್ಕೆ ಹೊತ್ತು ಸಾಗಿಸುತ್ತದೆ. ಒಂದು ವಾರ ಹೊರಗೇನೂ ಕಾಣದು. ಆಮೇಲೆ ಎಲೆ ಬಾಡುತ್ತದೆ, ಕೊಂಬೆ ಸಪ್ಪಗಾಗುತ್ತದೆ. ಮ್ಯಾನೇಜರ್ ಎಷ್ಟೋ ಪ್ರಯತ್ನಪಟ್ಟರು, ಗೆದ್ದಲು ಬಿಡಲಿಲ್ಲ ಎಂದು ಊರೇ ಹೇಳುತ್ತದೆ. ಮುದುಕಿ ಅತ್ತರೆ ಅವನ ಭುಜಕ್ಕೇ ಒರಗಿ ಅಳಬೇಕು. ಆ ಚಿತ್ರವನ್ನು ಅವನು ಮನಸ್ಸಿನಲ್ಲಿ ಹಲವು ಸಲ ಬರೆದು ನೋಡಿ ಸಂತೋಷಪಟ್ಟ.

ಚಿಕಿತ್ಸೆಯ ದಿನ ಅವನು ಬಸಮ್ಮನನ್ನು ತಾನೇ ಕರೆತಂದು ಮಣ್ಣಿನ ಗೆರೆಗಳನ್ನು ತೋರಿಸಿದ. ಮುದುಕಿಯ ಮುಖ ಇಳಿಯಿತು. ಹಜರತ್ ಅಲಿ ಅವನು ಹೇಳಿದ ಕಡೆಯೆಲ್ಲ ಬೇರಿಗೆ ರಂಧ್ರ ಕೊರೆದ. ದುರುಗಕ್ಕ ಬಕೆಟ್ ಹಿಡಿದು ನಿಂತಳು.

"ಸಾರ್, ಮರಕ್ಕೂ ಸೂಜಿಮದ್ದು ಕೊಡ್ತಾರಾ? ನಮ್ಮೂರಾಗೆ ಮನುಷ್ಯರಿಗೆ ಕೊಡಾಕೇ ಡಾಕ್ಟ್ರಿಲ್ಲ."

"ಸುಮ್ನಿರಕ್ಕ," ಎಂದ ಹಜರತ್ ಅಲಿ, "ಮಿಕ್ಕಿದ್ದು ನಿನ್ನ ಬಾಯಿಗೆ ಹಾಕ್ಯಾರು. ಆಮೇಲೆ ನಮ್ಗೆ ಸೈಟ್‌ನಾಗೆ ಹೊತ್ತೇ ಹೋಗಲ್ಲ."

ಬಸಮ್ಮ ಮಾತ್ರ ಬಕೆಟ್ಟಿನೊಳಗೆ ಇಣುಕಿ ನೋಡಿದಳು. "ಏನಪ್ಪ ಇದು? ಗೆದ್ಲು ಸಾಯಾ ಔಷ್ದಿ ಮರಾನ್ನೂ ಸಾಯಿಸ್ತೈತೇನು?"

"ಬೇವಿನ ಹಿಂಡಿ ನೆನೆಸಿದ ನೀರು, ಅಜ್ಜಿ. ಹಸುಗೂಸಿಗೆ ಕುಡಿಸಿದರೂ ಏನೂ ಆಗುವುದಿಲ್ಲ."

ಮುದುಕಿ ಬೆರಳಿನಿಂದ ಅಂಚಿನ ಹನಿಯೊಂದನ್ನು ಮುಟ್ಟಿ ಮೂಸಿ, ಬೇವೆಂದು ಒಪ್ಪಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬಳಿಕ ಒಂದು ಚೊಂಬು ಮಜ್ಜಿಗೆ ತರಿಸಿ ಅವನ ಕೈಗಿತ್ತು, "ಮೊನ್ನೆ ನಾಕು ಜನದ ಮುಂದೆ ಅಂದ್ಬಿಟ್ಟೆ. ಮನಸ್ನಾಗೆ ಇಟ್ಕಬ್ಯಾಡ ತಮ್ಮಾ," ಎಂದಳು. ಮಜ್ಜಿಗೆ ಕುಡಿಯುತ್ತಲೇ ಅವನು ಕೊನೆಯ ರಂಧ್ರಕ್ಕೆ ಮದ್ದು ಸುರಿಸಿ, ಮೇಲೆ ಜೇಡಿಮಣ್ಣು ಮೆತ್ತಿಸಿದ. ಇಷ್ಟು ಸುಲಭವಾಗಿ ಮೋಸಹೋಗುವವರಿಗೆ ಮೋಸ ಮಾಡುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲವಲ್ಲ ಎಂಬುದೊಂದೇ ಅವನಿಗೆ ಸಣ್ಣ ಬೇಸರ.

ಆಮೇಲಿನ ದಿನಗಳನ್ನು ಅವನು ಊರಿನಿಂದ ದೂರ ಕಳೆದ. ಹೊಳಲ್ಕೆರೆಯ ನರ್ಸರಿಯಲ್ಲಿ ತಾಳೆಗಿಡ ಆರಿಸುವುದಿತ್ತು. ಬರುವಾಗ ಹೊರಕೆರೆದೇವಪುರದ ಕಡೆಯ ಒಂದು ಸಣ್ಣ ಕೆಲಸ ನೋಡಿಕೊಂಡು ಬರುವುದಿತ್ತು. ತಾಳೆಯನ್ನು ಮಾತ್ರವಲ್ಲ, ಕಾರಂಜಿಯ ಮೋಟಾರನ್ನೂ ಅವನು ಖರೀದಿಸಿಬಿಟ್ಟ. ಮರ ಇನ್ನೂ ಹಸಿರಾಗಿ ನಿಂತಿರುವಾಗಲೇ ಅದರ ಜಾಗಕ್ಕೆ ಮೋಟಾರು ಕೊಳ್ಳುವುದರಲ್ಲಿ ಒಂದು ಸೊಗಸಿತ್ತು.

ಸೋಮವಾರ ಮಧ್ಯಾಹ್ನ ಅವನು ಸೈಟಿಗೆ ಮರಳಿದಾಗ ಕೆಲಸ ನಿಂತಿತ್ತು. ಮರದ ನೆರಳಲ್ಲಿ ಸಾಲಾಗಿ ಮುತ್ತುಗದ ಎಲೆಗಳು. ಮರ ಸತ್ತ ತಿಥಿಯೇ? ತಲೆ ಎತ್ತಿ ನೋಡಿದ. ಹಸಿರು ಹಾಗೆಯೇ ಇತ್ತು.

"ಬರ್ರಿ ಸಾರ್, ಬರ್ರಿ, ಕುಂತ್ಕಳ್ರಿ," ಎಂದು ಏಕಾಂತಪ್ಪ ಕೈ ಹಿಡಿದು ಎಳೆದ. "ಅವ್ವಂದು ಹರಕಿ. ಮರ ಉಳಿಸ್ದೋರಿಗೆ ತಾನೇ ಬಡಿಸ್ಬೇಕಂತೆ. ನೀವು ಬರ್ಲಿ ಅಂತ ಎಲ್ರೂ ಕಾಯ್ತಾ ಅದಾರೆ."

ಕೂಲಿಯವರ ಸಾಲಿನಲ್ಲಿ ಕುಳಿತು ಉಣ್ಣುವುದು ಅವನ ಪದ್ಧತಿಯಲ್ಲ. ಆದರೆ ಇಂದು ಗೆದ್ದವನ ಔದಾರ್ಯ ಅವನಲ್ಲಿತ್ತು. ಕುಳಿತ. ಎಡಕ್ಕೆ ಹಜರತ್ ಅಲಿ, ಎದುರಿಗೆ ಏಕಾಂತಪ್ಪನ ಬಸುರಿ ಮಗಳು ಚೈತ್ರಾ, ಆಚೆ ಹೆಂಗಸರು. ಬಸಮ್ಮ ಕೋಲನ್ನು ಮರಕ್ಕೆ ಒರಗಿಸಿ, ಬಿಸಿ ಮುದ್ದೆ ಇಟ್ಟು, ಮೇಲೆ ಸಾರು ಸುರಿದಳು. ಸಾರು ಅದ್ಭುತವಾಗಿತ್ತು. ಬೇಳೆ ಮಂದವಾಗಿ ಬೆಂದಿತ್ತು. ಅದರೊಳಗೆ ಎಲ್ಲೂ ಉಂಡಿಲ್ಲದ ಒಂದು ಎಳೆಯ, ಚುರುಕಾದ ಹುಳಿ. ಅವನು ಎರಡನೆಯ ಸಲ ಹಾಕಿಸಿಕೊಂಡ. ಮೂರನೆಯ ಸಲವೂ ಬೇಡವೆನ್ನಲಿಲ್ಲ.

"ನೋಡ್ರಲೇ," ಎಂದಳು ದುರುಗಕ್ಕ, "ಸಾರ್‌ಗೆ ಹಲ್ಲು ಅದಾವೆ! ಇಷ್ಟು ದಿನ ಬರೀ ಬೈಯಾಕೆ ಬಾಯಿ ಐತೆ ಅನ್ಕಂಡಿದ್ವಿ."

ಎಲ್ಲರೂ ನಕ್ಕರು. ಅವನೂ ನಕ್ಕ. "ಇದು ಟೊಮೆಟೊ ಹುಳಿಯಲ್ಲ. ಏನು ಹಾಕಿದ್ದೀರಿ ಅಜ್ಜಿ?"

"ತಲಿ ಎತ್ತಿ ನೋಡಪ್ಪ."

ನೋಡಿದ. ಕೊಂಬೆಗಳ ತುದಿಯಲ್ಲಿ, ಬಿಸಿಲು ತೂರಿಬರುವಲ್ಲಿ, ತಿಳಿಗೆಂಪು ಹಸಿರು ನಡುಗುತ್ತಿತ್ತು.

"ಚಿಗುರು," ಎಂದಳು ಬಸಮ್ಮ. "ಚೈತ್ರಾಗೆ ಹುಳಿ ಬಯಕೆ. ದುರುಗಕ್ಕ ಬೆಳಿಗ್ಗೆ ಮರ ಹತ್ತಿ ಮಡ್ಲು ತುಂಬ ಕಿತ್ತು ಕೊಟ್ಲು. ನೀನು ಉಳಿಸಿದ್ದು ತಾನೇ? ನಿಂಗೇ ಮೊದ್ಲು."

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. ಮರದ ಬೇರನ್ನು ಅವನು ಅಳೆದಿದ್ದ. ಕಾಂಡದ ಸುತ್ತಳತೆ, ನೆರಳಿನ ಹರವು, ಕಡಿದ ಮೇಲೆ ಸೌದೆ ಸಾಗಿಸುವ ದಾರಿ, ಎಲ್ಲವೂ ಅವನಿಗೆ ಗೊತ್ತಿತ್ತು. ಅದನ್ನು ಜನ ಉಣ್ಣುತ್ತಾರೆಂಬುದು ಮಾತ್ರ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಎದುರಿಗೆ ಚೈತ್ರಾ ಎಲೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು.

ಕೂಗಿಬಿಡಬಹುದಿತ್ತು. ಒಂದು ಗಳಿಗೆ ಅವನ ಬಾಯಿ ತೆರೆದದ್ದೂ ನಿಜ. ಆದರೆ ಆ ಗಳಿಗೆಯಲ್ಲೂ ಅವನ ಬುದ್ಧಿ ಸ್ವಚ್ಛವಾಗಿ ಕೆಲಸ ಮಾಡಿತು. ಕೂಗಿದರೆ ಪಾಲುದಾರಿಕೆ ಹೋಯಿತು, ಹೆಸರು ಹೋಯಿತು, ಜೈಲು ಬಂತು. ಕೂಗದಿದ್ದರೆ? ಇಷ್ಟು ಜನಕ್ಕೆ ಹಂಚಿಹೋದ ಸಾರಿನಲ್ಲಿ ಒಬ್ಬೊಬ್ಬರಿಗೆ ಎಷ್ಟು ಸೇರಿರಬಹುದು? ಕೂಲಿಯವರ ಹೊಟ್ಟೆ ಏನನ್ನಾದರೂ ಅರಗಿಸಿಕೊಳ್ಳುತ್ತದೆ. ಚೈತ್ರಾಳನ್ನು ನೋಡಿಕೊಳ್ಳಲು ಅಪ್ಪನಿದ್ದಾನೆ. ಮೂರು ಸಲ ಹಾಕಿಸಿಕೊಂಡವನು ತಾನೊಬ್ಬನೇ. ಆಸ್ಪತ್ರೆಗೆ ತಾನೊಬ್ಬನೇ ಹೋಗಿ, ಸಿಂಪಡಿಸುವಾಗ ಆದ ಅವಘಡ ಎಂದರೆ ಯಾರೂ ಹುಣಸೆಮರದ ವಿಷಯ ಎತ್ತುವುದಿಲ್ಲ. ಇಲ್ಲಿ ಯಾರಿಗಾದರೂ ಸಂಜೆ ಹೊಟ್ಟೆ ಕೆಟ್ಟರೆ ಅಡುಗೆಯವರ ತಪ್ಪು.

"ತಲೆ ಸುತ್ತುತ್ತಿದೆ, ಬಿಸಿಲಿಗೆ ಇರಬೇಕು," ಎಂದು ಎದ್ದವನು ಕೈಯನ್ನೂ ತೊಳೆಯದೆ ಕಾರು ಹತ್ತಿದ. ಹಜರತ್ ಅಲಿ ಎದ್ದು ನಿಂತು ಏನೋ ಕೂಗಿದ. ಕಾರಿನ ಗಾಜು ಆಗಲೇ ಮೇಲೇರಿತ್ತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಉಷಾ ಪರದೆ ಎಳೆದು ಅವನನ್ನು ಮಲಗಿಸಿದಳು. ಅವನು ತಗ್ಗಿದ ದನಿಯಲ್ಲಿ ಕಳೆನಾಶಕದ ಹೆಸರು ಹೇಳಿದ. ಸಿಂಪಡಿಸುವಾಗ ಬಾಯಿಗೆ ಹಾರಿತೆಂದ. ಆಕೆ ನಂಬಲಿಲ್ಲ. ಚರ್ಮದಲ್ಲಿ ಒಂದು ಕಲೆಯಿಲ್ಲ, ಬಟ್ಟೆಯಲ್ಲಿ ವಾಸನೆಯಿಲ್ಲ. ಹೇಗೆ ಹೊಟ್ಟೆಗೆ ಹೋಯಿತೆಂದು ತಿಳಿಯದೆ ಚಿಕಿತ್ಸೆ ತಪ್ಪಿದರೆ ತನ್ನನ್ನು ಕೇಳಬೇಡಿ ಎಂದಳು. ಪ್ರಾಣಭಯ ಅವನನ್ನು ಗೆದ್ದಿತು.

"ಊಟದಲ್ಲಿ," ಎಂದ. "ಹುಣಸೆ ಚಿಗುರಿನ ಸಾರಿನಲ್ಲಿ. ಮರದ ಬೇರಿಗೆ ಹಾಕಿದ್ದು ಚಿಗುರಿಗೆ ಏರಿದೆ."

"ನಿಮ್ಮ ಜೊತೆ ಇನ್ಯಾರು ಉಂಡರು?"

"ಯಾರೂ ಇಲ್ಲ. ನಾನೊಬ್ಬನೇ."

ಸೈಟಿನಲ್ಲಿ ಯಾರಿಗೇ ಪೆಟ್ಟಾಗಲಿ, ಯಾರೇ ತಲೆ ಸುತ್ತಿ ಬೀಳಲಿ, ಕೆಲಸ ನಿಲ್ಲಿಸಿ ಅವರ ಹಿಂದೆಯೇ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ಕೂರುವುದು ಕೂಲಿಯವರ ವಾಡಿಕೆ. ವರ್ಷಗಳಿಂದ ಅವರನ್ನು ಆಳಿದ ಅವನಿಗೆ ಅದು ತಿಳಿಯದೆ ಇರಲಿಲ್ಲ. ದಿನದ ಕೆಲಸ ಕೆಟ್ಟಿತೆಂದು ಬೈದೂ ಇದ್ದ. ಆ ವಾಡಿಕೆ ತನಗೂ ಅನ್ವಯಿಸುತ್ತದೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಪರದೆ ಸರಿಯಿತು. ಅವನು ಅವಸರದಲ್ಲಿ ಬಿಟ್ಟುಬಂದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ದುರುಗಕ್ಕ ನಿಂತಿದ್ದಳು. ಬೆನ್ನಿಗೆ ಹಜರತ್ ಅಲಿ, ಚೈತ್ರಾಳ ಭುಜ ಹಿಡಿದ ಬಸಮ್ಮ, ಲಗೇಜ್ ಆಟೊದಲ್ಲಿ ತುಂಬಿಕೊಂಡು ಬಂದ ಉಳಿದವರೆಲ್ಲ. "ನಾವೆಲ್ರೂ ಅದ್ನೇ ಉಂಡೀವಲ್ಲ ಡಾಕ್ಟ್ರೇ," ಎಂದಳು ದುರುಗಕ್ಕ. ಉಷಾ ನರ್ಸುಗಳನ್ನು ಕೂಗಿದಳು. ಮೊದಲ ಮಂಚಕ್ಕೆ ಚೈತ್ರಾಳನ್ನು ಹತ್ತಿಸಿದಳು. ಹಿಂದಿರುಗಿ, ಮರಕ್ಕೆ ಇದನ್ನು ಹಾಕಿದವರು ಯಾರು ಎಂದು ಎಲ್ಲರನ್ನೂ ಕೇಳಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ದುರುಗಕ್ಕ ಚಪ್ಪಲಿಗಳನ್ನು ಅವನ ಮಂಚದ ಕೆಳಗೆ ಜೋಡಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಸಾರ್ ಎನ್ನದೆ ಮೊದಲ ಸಲ ಅವನ ಹೆಸರನ್ನೇ ಹೇಳಿದಳು:

"ಶರಣ್."